ಪಳಗಿದ ಕತ್ತರಿಯೊಂದಿಗೆ ಬಸವಕಲ್ಯಾಣಕ್ಕೆ

ಹೊರಡುವ ಮುನ್ನ: ಮಸ್ಕತ್

ನಾನು ಪಾಸ್‌ಪೋರ್ಟ್ ಹಿಡಿದು ಹೋಗಿರುವ ಪರದೇಶ ಒಂದೇ, ಭಾರತ. ಹುಟ್ಟಿದ್ದು, ಓದಿದ್ದು ಮಸ್ಕತ್‌ನಲ್ಲಿ. ಈಗ ಕೆಲಸವೂ ಇಲ್ಲೇ, ಒಂದು ಔಷಧಿ ಗೋದಾಮಿನಲ್ಲಿ ಬಂದ ಪೆಟ್ಟಿಗೆ, ಹೋದ ಪೆಟ್ಟಿಗೆ ಎಣಿಸುವುದು. ಕನ್ನಡ ಕಲಿಸಿದವಳು ಅಮ್ಮ. ದಿನಕ್ಕೊಂದು ಪುಟ ಬರೆದು ತೋರಿಸುವವರೆಗೆ ಟಿ.ವಿ. ಹಾಕಲು ಬಿಡುತ್ತಿರಲಿಲ್ಲ. ಟಿ.ವಿ. ನೋಡುವುದು ಬಿಟ್ಟುಹೋಯಿತು, ಪುಟ ಬರೆಯುವುದು ಬಿಡಲಿಲ್ಲ. ಈಗ ನಡೆಯುತ್ತಿರುವುದು ದಿನಚರಿಯ ಹದಿನಾಲ್ಕನೆಯ ಪುಸ್ತಕ. ಇಲ್ಲಿ ಹೇಳುವುದೆಲ್ಲ ಅದರ 52ನೇ ಪುಟದಿಂದ 78ನೇ ಪುಟದವರೆಗಿನದು.

ರಜೆಯಲ್ಲಿ ನಾವು ಹೋಗುವುದು ದಾವಣಗೆರೆಗೆ, ಅಜ್ಜನ ಮನೆಗೆ. ಈ ಸಲ ನಾನೊಬ್ಬಳೇ ಬಸವಕಲ್ಯಾಣಕ್ಕೆ ಹೊರಟೆ. ಅಮ್ಮನ ಚಿಕ್ಕಪ್ಪನ ಮಗಳು ಮಹಾದೇವಿ ಅಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಮದುವೆಯಾಗಿ ಅಲ್ಲಿಗೆ ಹೋಗಿ ಮೂವತ್ತು ವರ್ಷವಾದರೂ ನಮ್ಮ ಕಡೆಯವರು ಯಾರೂ ಅವರ ಮನೆ ನೋಡಿರಲಿಲ್ಲ. "ನೀನಾದರೂ ಹೋಗಿ ಬಾ" ಎಂದಳು ಅಮ್ಮ.

ನಮ್ಮ ಕಟ್ಟಡದ ಕೆಳಗಿನ ಟೇಲರ್ ಅಂಗಡಿ ಇಲ್ಲಿನ ಕನ್ನಡಿಗರಲ್ಲಿ ಹಲವರಿಗೆ ಗೊತ್ತಿರಬಹುದು. ಒಮಾನಿ ಗಂಡಸರು ತೊಡುವ ಕಾಲುದ್ದದ ನಿಲುವಂಗಿ, ದಿಶ್‌ದಾಶಾ, ಅಲ್ಲಿ ಹೊಲಿಯುತ್ತಾರೆ. ಬಟ್ಟೆ ಕತ್ತರಿಸುವವರು ಗಫೂರ್ ಮಾಮು. ಬಸವಕಲ್ಯಾಣದವರು ಎಂದು ಗೊತ್ತಿತ್ತು. ಹೊರಡುವ ವಾರ ಸುಮ್ಮನೆ ವಿಷಯ ಹೇಳಿದೆ. ಅವರು ಕೊರಳಿಗೆ ಹಾಕಿಕೊಂಡಿದ್ದ ಟೇಪು ತೆಗೆದು ಮೇಜಿನ ಮೇಲಿಟ್ಟರು.

"ಖರೇನಾ ಬೇಟಿ? ಬಸವಕಲ್ಯಾಣಕ್ಕ ಹೊಂಟೀಯಾ?"

"ಹೌದು ಮಾಮು. ಏನಾದರೂ ತರಬೇಕಾ?"

"ತರೋದ ಬ್ಯಾಡ. ಒಯ್ಯೋದದ."

ಅವರು ಕೈಯಲ್ಲಿದ್ದ ಕತ್ತರಿಯನ್ನೇ ನನ್ನ ಮುಂದೆ ಇಟ್ಟರು. ಮೊಣಕೈಯಿಂದ ಮಣಿಕಟ್ಟಿನವರೆಗೆ ಬರುವಷ್ಟು ಉದ್ದ, ಹಿತ್ತಾಳೆಯ ಹಿಡಿ. ಹೆಬ್ಬೆರಳು ಹೋಗುವ ಬಳೆಗೆ ಬಟ್ಟೆಯ ಪಟ್ಟಿ ಸುತ್ತಿ ಸುತ್ತಿ ದಪ್ಪಗಾಗಿತ್ತು.

ಕತೆ ಅವರೇ ಹೇಳಿದರು. ಅವರಿಗೆ ಕೆಲಸ ಕಲಿಸಿದವರು ಇಮಾಮ್ ಸಾಬ್ ಉಸ್ತಾದ್. ಕೋಟೆಯ ಕೆಳಗಿನ ಓಣಿಯಲ್ಲಿ ಅಂಗಡಿ. ಕೆಲಸ ಕಲಿತವನು ಅಂಗಡಿ ಬಿಟ್ಟು ಹೊರಡುವಾಗ ಉಸ್ತಾದರು ತಮ್ಮದೊಂದು ಕತ್ತರಿ ಕೊಡುತ್ತಾರೆ. ಕಾಣಿಕೆಯೆಂದಲ್ಲ, ಕಡವಾಗಿ. "ಪಳಗಿಸಿ ತಂದು ತೋರಿಸು" ಎನ್ನುತ್ತಾರೆ. ತಂದು ತೋರಿಸಿದ ದಿನ ಕತ್ತರಿಯನ್ನು ಪರೀಕ್ಷಿಸಿ, ಪಳಗಿದೆ ಎನಿಸಿದರೆ ಹಿಂದಕ್ಕೆ ಕೊಡುತ್ತಾರೆ. ಅಂದಿನಿಂದ ಅದು ಅವನದು. ಇಲ್ಲವೆಂದರೆ ತಾವೇ ಇಟ್ಟುಕೊಂಡು ಗೋಡೆಯ ಗೂಟಕ್ಕೆ ತೂಗುಹಾಕುತ್ತಾರೆ.

"ನೀವು ಯಾವಾಗ ತೋರಿಸಿದಿರಿ?"

"ಎಲ್ಲಿ ತೋರಸ್ಯೀನಿ! ಇಪ್ಪತ್ತೆರಡು ವರ್ಷ ಆತು. ರಜಾಕ್ಕ ಹೋದಾಗೊಮ್ಮಿ ಆ ಓಣಿ ಬಿಟ್ಟು ಸುತ್ತ ಹಾಕಿ ಹೋಗ್ತೀನಿ. ನಾ ಹೊಂಟ ದಿನ ಎಲ್ಲರ ಮುಂದ ಅಂದಿದ್ರು, ಇಂವ ಇನ್ನಾ ಪಳಗಿಲ್ಲ, ದುಬೈಗಿಬೈ ಅಂತ ಓಡಾಕತ್ಯಾನ ಅಂತ. ಆ ಮಾತು ಇಲ್ಲೇ ಕುಂತದ ನೋಡು." ಅವರು ಎದೆ ಮುಟ್ಟಿ ತೋರಿಸಲಿಲ್ಲ, ಕಿವಿ ಮುಟ್ಟಿ ತೋರಿಸಿದರು.

ಈಗ ಉಸ್ತಾದರ ಕಣ್ಣು ಮಂಜಾಗುತ್ತಿದೆಯಂತೆ. ಇನ್ನು ತಡಮಾಡಿದರೆ ನೋಡುವವರೇ ಇರುವುದಿಲ್ಲ ಎಂಬುದು ಮಾಮುವಿನ ಚಿಂತೆ. ಈ ವರ್ಷ ಅವರಿಗೆ ರಜೆಯೂ ಸಿಕ್ಕಿರಲಿಲ್ಲ.

"ನೀವಿಲ್ಲದೆ ಕತ್ತರಿ ಒಂದನ್ನೇ ಒಯ್ದರೆ ಆದೀತಾ?"

"ಮನುಷ್ಯಾ ಬೇಕಾಗಿಲ್ಲ ಬೇಟಿ, ಕತ್ತರಿ ಎಲ್ಲಾ ಹೇಳ್ತದ. ಅವರು ಏನಂತಾರ, ಒಂದಕ್ಷರ ಬಿಡಲಾರದಂಗ ಬರಕೊಂಡು ಬಾ. ಹೆಂಗೂ ದಿನಾ ಬರೀತೀ ಅಲ್ಲ."

ಅಮ್ಮನ ಪಾಠದಲ್ಲಿ ಪಳಗಿಸುತ್ತಿದ್ದುದು ಆನೆಗಳನ್ನು. ಕತ್ತರಿಯೂ ಪಳಗುತ್ತದೆಂದು, ಟೇಲರೂ ಪಳಗುತ್ತಾನೆಂದು ಆ ದಿನ ಕೇಳಿದೆ. ದಿನಚರಿಯ ಕೊನೆಯ ಹಾಳೆಯಲ್ಲಿ ಎರಡು ಅಂಕಣ ಎಳೆದೆ: 'ಮನುಷ್ಯರು', 'ಸಾಮಾನು'. ಈ ಪ್ರವಾಸದಲ್ಲಿ ಆ ಪದ ಎಷ್ಟು ಸಲ ಕೇಳುತ್ತದೆ, ಯಾವುದಕ್ಕೆ ಎಂದು ಗುರುತು ಹಾಕಿಡುವುದು. ಮೊದಲ ದಿನವೇ ಒಂದೊಂದು ಗೆರೆ ಬಿತ್ತು.

ದಿನ 1, ಶನಿವಾರ: ಹೈದರಾಬಾದ್, ಹುಮನಾಬಾದ್

ಹೈದರಾಬಾದಿನ ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆ ಕ್ಷ-ಕಿರಣದ ಯಂತ್ರದೊಳಗೆ ಹೋಗಿ ಅಲ್ಲೇ ನಿಂತಿತು. ಅಧಿಕಾರಿ ಪರದೆ ನೋಡಿ ನನ್ನನ್ನು ನೋಡಿದರು. ಪೆಟ್ಟಿಗೆ ತೆರೆಸಿ, ಸುತ್ತಿದ್ದ ಟವೆಲ್ಲು ಬಿಚ್ಚಿಸಿ, ಕತ್ತರಿಯನ್ನು ಎತ್ತಿ ಹಿಡಿದು ಪಕ್ಕದವರನ್ನು ಕರೆದರು. ನಾಲ್ಕು ಜನ ನೋಡಿದರು. ನಾಲ್ಕನೆಯವರು ಅದನ್ನು ಒಮ್ಮೆ ತೆರೆದು ಮುಚ್ಚಿ, "ನಮ್ಮ ಮಾವ ಟೇಲರ್" ಎಂದು ಹಿಂದಿಯಲ್ಲಿ ಹೇಳಿ ತಾವೇ ಜೋಪಾನವಾಗಿ ಸುತ್ತಿ ಕೊಟ್ಟರು.

ಹುಮನಾಬಾದಿನ ಬಸ್ಸಿನಲ್ಲಿ ಮುಂದಿನ ಸೀಟು ಸಿಕ್ಕಿತು. ನಮ್ಮಲ್ಲಿ ರಸ್ತೆಯಲ್ಲಿ ಹಾರ್ನ್ ಕೇಳಿದರೆ ಯಾರಿಗೋ ಏನೋ ಆಯಿತೆಂದು ತಿರುಗಿ ನೋಡುತ್ತೇವೆ. ಇಲ್ಲಿ ಅದು ಮಾತಿನ ಹಾಗೆ. ಹಳೆಯ ಚೀಟಿಯೊಂದರ ಮೇಲೆ ಗೆರೆ ಹಾಕುತ್ತ ಎಣಿಸತೊಡಗಿದೆ. ಇನ್ನೂರ ಹದಿನಾಲ್ಕಕ್ಕೆ ಪೆನ್ಸಿಲ್ಲಿನ ಮೊನೆ ಮುರಿಯಿತು, ಬಿಟ್ಟೆ. ಗಡಿ ದಾಟಿದ ಮೇಲೆ ಮಣ್ಣು ಕೆಂಪಾಯಿತು. ಎರಡೂ ಬದಿಗೆ ತೊಗರಿ. ಗೇರ್ ಬದಲಿಸುವಾಗಲೆಲ್ಲ ಬಸ್ಸು ಗುರ್ರೆನ್ನುತ್ತಿತ್ತು. ಚಾಲಕರು ಕಂಡಕ್ಟರಿಗೆ ಹೇಳಿದರು: "ಹೊಸಾ ಗಾಡಿಪಾ, ಇನ್ನಾ ನನ್ನ ಕೈಗಿ ಪಳಗಿಲ್ಲ." ಕಂಡಕ್ಟರ್ ಅಂದರು: "ಗಾಡಿಗಿ ನೀ ಪಳಗಿಲ್ಲ ತಗೀ." ಎರಡು ಅಂಕಣಕ್ಕೂ ಒಂದೊಂದು ಗೆರೆ. ಚೀಲದಿಂದ ದಿನಚರಿ ತೆಗೆಯುವಷ್ಟರಲ್ಲಿ ಹುಮನಾಬಾದ್ ಬಂತು.

ಅಲ್ಲಿ ಬಸವಕಲ್ಯಾಣದ ಬಸ್ಸು ಹತ್ತಿದೆ. ಹೆಂಗಸರಿಗೆ ಬಸ್ಸು ಉಚಿತ, ಆಧಾರ್ ಕಾರ್ಡು ತೋರಿಸಬೇಕು. ನಾನು ಪಾಸ್‌ಪೋರ್ಟ್ ತೋರಿಸಿದೆ. ಕಂಡಕ್ಟರ್ ಒಂದೊಂದೇ ಹಾಳೆ ತಿರುವಿ ನೋಡಿದರು.

"ಅಕ್ಕಾರ, ಇದು ವಿಮಾನಕ್ಕ ನಡೀತದ. ನಮ್ಮ ಗಾಡಿಗಿ ನಡಿಯಂಗಿಲ್ಲ."

ಬಸ್ಸೆಲ್ಲ ನಕ್ಕಿತು. ಟಿಕೆಟ್ ಕೊಂಡೆ. ಪಕ್ಕದ ಮುದುಕಿ, "ಯಾವೂರ ಮಗಳವ್ವಾ?" ಎಂದು ಕೇಳಿದಳು. ಮಸ್ಕತ್ ಎಂದೆ. ಅದು ಹುಲಸೂರಿನ ಆಚೆ ಬರುತ್ತದೆಯೋ ಈಚೆಯೋ ಎಂದಳು. ಬಹಳ ಆಚೆ ಎಂದೆ.

ಮಹಾದೇವಿ ನಿಲ್ದಾಣಕ್ಕೆ ಬಂದಿದ್ದರು. ಅವರನ್ನು ಚಿಕ್ಕಮ್ಮ ಎಂದು ಕರೆದೆ. "ಇಲ್ಲಿ ಮೌಶಿ ಅಂತಾರ. ಚಿಕ್ಕಮ್ಮ ಅಂದ್ರ ಓಣ್ಯಾಗ ಯಾರೂ ತಿರುಗಿ ನೋಡಂಗಿಲ್ಲ" ಎಂದರು. ದಾವಣಗೆರೆಯ ಮಾತು ಅವರ ನಾಲಿಗೆಯಲ್ಲಿ ಒಂದು ಚೂರೂ ಉಳಿದಿರಲಿಲ್ಲ.

ಸಂಜೆ ಅವರು ಹಾಲು ತರಲು ಹೋದಾಗ ನಾನು ಪುಟ 55 ಬರೆದೆ. ಪ್ರವಾಸದ ಟಿಕೆಟುಗಳನ್ನೆಲ್ಲ ಅಂಚು ನೇರಮಾಡಿ ಅಂಟಿಸುವುದು ನನ್ನ ಪದ್ಧತಿ. ಮನೆಯಲ್ಲಿ ಕತ್ತರಿ ಹುಡುಕಿದೆ, ಸಿಗಲಿಲ್ಲ. ಪೆಟ್ಟಿಗೆಯಲ್ಲಿ ಒಂದಿತ್ತಲ್ಲ. ಮೂರು ಕಾಗದ, ನಾಲ್ಕು ನಾಲ್ಕು ಬದಿ, ಹನ್ನೆರಡು ಸಲ ಕತ್ತರಿಸಿದೆ. ವಿಮಾನದ ಚೀಟಿಗೆ ಲಗೇಜಿನ ಚೀಟಿಯನ್ನು ಪಿನ್ನು ಹೊಡೆದು ಸೇರಿಸಿದ್ದರು. ಅಲ್ಲಿ ಕಟ್ ಎಂದು ಸಣ್ಣ ಸದ್ದಾಯಿತು. ಅಂಚು ಬಹಳ ಚೆನ್ನಾಗಿ ಬಂತು.

ದಿನ 2, ರವಿವಾರ: ಬಸವಕಲ್ಯಾಣ

ಬೆಳಿಗ್ಗೆ ಮೌಶಿ ರೊಟ್ಟಿ ಬಡಿಯುವುದನ್ನು ನೋಡುತ್ತ ಕುಳಿತೆ. ಜೋಳದ ಹಿಟ್ಟಿನ ಉಂಡೆ ಎರಡು ಅಂಗೈಯ ಏಟಿಗೆ ತಿರುಗುತ್ತ ತಿರುಗುತ್ತ ಅಗಲವಾಗುತ್ತದೆ. ನಾನೊಂದು ಬಡಿದೆ. ಅದು ಹಂಚಿಗೆ ಹೋಗುವ ದಾರಿಯಲ್ಲೇ ಎರಡಾಯಿತು.

"ಹಂಚು ಪಳಗ್ಯದ, ಅದರ ತಪ್ಪಲ್ಲ" ಎಂದರು ಮೌಶಿ. "ಕೈ ಪಳಗಬೇಕು. ನಾ ಬಂದ ವರ್ಷ ಆರು ತಿಂಗಳು ಮುರುಕ ರೊಟ್ಟಿನೇ ತಿಂದಾರ ಈ ಮನ್ಯಾಗ. ಒಬ್ಬರೂ ಒಂದು ಮಾತು ಅಂದಿಲ್ಲ. ಖರೇ ಹೇಳಬೇಕಂದ್ರ, ಒಬ್ಬರೂ ಮಾತೇ ಆಡಿಲ್ಲ."

ಹತ್ತು ಗಂಟೆಗೆ ಉಸ್ತಾದರ ಓಣಿಗೆ ಹೋದೆ. ಎರಡು ಹೆಜ್ಜೆ ಅಗಲದ ಅಂಗಡಿ. ಹೊಲಿಗೆ ಯಂತ್ರದ ಮುಂದೆ ನಲವತ್ತರ ಆಸುಪಾಸಿನ ಹೆಂಗಸು. ಅವರ ಹಿಂದೆ ಹಲಗೆಯ ಮೇಲೆ, ದಪ್ಪ ಕನ್ನಡಕದ ಬಿಳಿ ಗಡ್ಡದ ಮುದುಕರು. ಗೋಡೆಯ ಮೇಲೆ ಒಂದು ಮರದ ಗೂಟ. ಅದರಲ್ಲಿ ಮೂರು ಕತ್ತರಿಗಳು ತುಕ್ಕು ಹಿಡಿದು ತೂಗುತ್ತಿದ್ದವು.

"ಬ್ಲೌಸೇನ್ರಿ?" ಹೆಂಗಸು ತಲೆ ಎತ್ತದೆ ಕೇಳಿದರು. "ಇದ್ದದ್ದೇ ಮುಗಿದಿಲ್ಲ, ಹೊಸಾದು ತಗೊಳ್ಳಂಗಿಲ್ರಿ."

"ಬ್ಲೌಸಲ್ಲ. ಮಸ್ಕತ್‌ನಿಂದ ಬಂದಿದ್ದೇನೆ. ಗಫೂರ್ ಮಾಮು ಕತ್ತರಿ ಕಳಿಸಿದ್ದಾರೆ."

ಯಂತ್ರ ನಿಂತಿತು. ಹೆಂಗಸು ಉಸ್ತಾದರ ಮಗಳು, ನಸ್ರೀನ್. ತಂದೆಯ ಕಡೆ ತಿರುಗಿ ಕೂಗಿದರು: "ಅಬ್ಬಾ, ಗಫೂರ್ ಭಾಯಿ ಕತ್ತರಿ ಬಂದದ! ಇಪ್ಪತ್ತೆರಡು ವರ್ಷಕ್ಕ ನೆನಪಾತು ನೋಡ್ರಿ ಅಂವಗ. ನನ್ನ ಕುರ್ತಾಕ್ಕ ಎರಡೂ ತೋಳು ಎಡಗೈದೇ ಹಚ್ಚಿದ್ದಾಂವ!"

"ಅರಚಬ್ಯಾಡ. ಕಣ್ಣು ಮಂಜಾಗ್ಯದ, ಕಿವಿ ಅಲ್ಲ" ಎಂದರು ಉಸ್ತಾದರು. ನನಗೆ ಹೇಳಿದರು: "ಬರ್ರಿ, ಕುಂದರ್ರಿ. ಛಾ ಕುಡೀರಿ ಮೊದಲ."

ಚಹಾ ಬಂತು. ಇಲ್ಲಿ ಒಂದು ಕಪ್ಪಿನದನ್ನು ಬಸಿಯಲ್ಲಿ, ಅಂದರೆ ಸಾಸರಿನಲ್ಲಿ, ಹಂಚಿ ಇಬ್ಬರು ಕುಡಿಯುತ್ತಾರೆ. ಕಪ್ಪು ಅತಿಥಿಗೆ, ಬಸಿ ಮನೆಯವರಿಗೆ. ಕುಡಿಯುವವರೆಗೆ ಯಾರೂ ಕತ್ತರಿಯ ಮಾತೆತ್ತಲಿಲ್ಲ.

ಆಮೇಲೆ ಉಸ್ತಾದರು ಕೈ ಚಾಚಿದರು. ಕತ್ತರಿಯನ್ನು ನೋಡಲಿಲ್ಲ. ಕಿವಿಯ ಬಳಿ ಒಯ್ದು ಗಾಳಿಯಲ್ಲಿ ಮೂರು ಸಲ ತೆರೆದು ಮುಚ್ಚಿದರು. ಮುಖ ಸಡಿಲಾಯಿತು. "ಮಲಮಲ್ ಕೊಡು" ಎಂದರು. ನಸ್ರೀನ್ ತೆಳು ಬಟ್ಟೆಯ ತುಂಡೊಂದನ್ನು ಎಳೆದು ಹಿಡಿದರು. ಕತ್ತರಿ ಬುಡದಿಂದ ಸರ್ರನೆ ಹೋಯಿತು. ನಡುವೆ ಒಂದು ಕಡೆ ಬಟ್ಟೆ ಸಿಕ್ಕಿಕೊಂಡು ನೂಲು ಎದ್ದಿತು.

ಉಸ್ತಾದರು ಅಲಗಿನ ಮೇಲೆ ಹೆಬ್ಬೆರಳು ಆಡಿಸಿದರು. ಒಂದು ಕಡೆ ನಿಲ್ಲಿಸಿದರು.

"ಕಾಗದ" ಎಂದರು. "ಕಾಗದ ಕತ್ತರಿಸ್ಯಾನ. ಪಿನ್ನ ಸುದ್ದಾ ಕತ್ತರಿಸ್ಯಾನ."

ನಸ್ರೀನ್ ಬಾಯಿಯ ಮೇಲೆ ಕೈ ಇಟ್ಟುಕೊಂಡರು.

"ಪಳಗಿಸು ಅಂತ ಕೊಟ್ಟಿದ್ದೆ. ಕಾಗದ ಹೆರೀಲಾಕ ಕೊಟ್ಟಿದ್ದಿಲ್ಲ. ಬಟ್ಟಿ ಕತ್ತರೀಲಿ ಕಾಗದ ಕತ್ತರಿಸಾಂವ ಟೇಲರೇ ಅಲ್ಲ." ಅವರು ಗೂಟದ ಕಡೆ ನೋಡಿದರು. ಎದ್ದು ನಿಂತವರು ಮತ್ತೆ ಕುಳಿತರು. "ನಾಳಿ ಹಾಕ್ತೀನಿ. ಇವತ್ತ ಕೈ ಬರವಲ್ದು."

ನಾನು ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಬರುತ್ತೇನೆ ಎಂದು ಎದ್ದು ಬಂದೆ.

ಮನೆಗೆ ಬರುವಷ್ಟರಲ್ಲಿ ಫೋನಿನಲ್ಲಿ ಗಫೂರ್ ಮಾಮುವಿನ ಸಂದೇಶ ಇತ್ತು: "ಏನಂದ್ರು?" ಉತ್ತರ ಬರೆಯಲಿಲ್ಲ. ಮೌಶಿಗೆ ಎಲ್ಲ ಹೇಳಿದೆ. ಅವರು ನಗುತ್ತಾರೆಂದುಕೊಂಡಿದ್ದೆ. ನಗಲಿಲ್ಲ.

"ಅಂವ ಇಪ್ಪತ್ತೆರಡು ವರ್ಷ ಕಾಯ್ದ ಮಾತು, ನಿನ್ನ ಮೂರು ಚೀಟಿಗಿ ಹೋಗಬೇಕೇನು? ಮುಂಜಾನಿ ಅಂಗಡಿ ಬಾಗಿಲಾ ತೆಗಿಯೂದರಾಗ ಅಲ್ಲಿರಬೇಕು ನೀ."

ಆ ದಿನದ ಪುಟ ಅರ್ಧಕ್ಕೇ ನಿಂತಿದೆ.

ದಿನ 3, ಸೋಮವಾರ: ಅದೇ ಓಣಿ

ಬಾಗಿಲು ತೆಗೆಯುವ ಮುಂಚೆಯೇ ಹೋಗಿ ನಿಂತಿದ್ದೆ. ಕತ್ತರಿ ಇನ್ನೂ ಹಲಗೆಯ ಮೇಲೆಯೇ ಇತ್ತು. ದಿನಚರಿಯ 55ನೇ ಪುಟ ತೆರೆದು ಉಸ್ತಾದರ ಮುಂದೆ ಹಿಡಿದೆ.

"ಕಾಗದ ಕತ್ತರಿಸಿದ್ದು ಗಫೂರ್ ಮಾಮು ಅಲ್ಲ, ನಾನು. ಶನಿವಾರ ಸಂಜೆ, ಹನ್ನೆರಡು ಸಲ. ಇಲ್ಲಿ ಅಂಟಿಸಿದ್ದೇನೆ."

ಅವರು ಹಾಳೆಯನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದರು. ಅಕ್ಷರ ಕಾಣಲಿಲ್ಲವೆಂದು ತೋರುತ್ತದೆ. ಬೆರಳಿನಿಂದ ಟಿಕೆಟಿನ ಅಂಚುಗಳನ್ನು ತಡವತೊಡಗಿದರು.

"ಇದು ಯಾವ್ದು?"

"ಹೈದರಾಬಾದಿನಿಂದ ಹುಮನಾಬಾದ್."

"ಇದು?"

"ಹುಮನಾಬಾದಿನಿಂದ ಇಲ್ಲಿಗೆ."

"ಇದು ದಪ್ಪನ್ನದು?"

"ವಿಮಾನದ್ದು."

ಅದರ ಮೂರನೆಯ ಬದಿಯ ನಡುವೆ ಅವರ ಉಗುರು ನಿಂತಿತು. ಪಿನ್ನು ತುಂಡಾದ ಜಾಗ. ಅಲ್ಲಿಂದ ಮುಂದೆ ಅಂಚಿನಲ್ಲಿ ಕೂದಲೆಳೆಯಷ್ಟು ಜಗಿದ ಗುರುತು. ನಾನು ಈವರೆಗೆ ಅದನ್ನು ಗಮನಿಸಿರಲೇ ಇಲ್ಲ. ಉಸ್ತಾದರು ಕತ್ತರಿಯ ಅಲಗನ್ನೂ ಆ ಅಂಚನ್ನೂ ಒಂದರ ಪಕ್ಕ ಒಂದು ತಡವಿದರು. ಆಮೇಲೆ ಅವರ ಹೊಟ್ಟೆ ಅಲುಗಿತು. ನಗುತ್ತಿದ್ದರು.

"ನಸ್ರೀನ್, ನೋಡಿಲ್ಲಿ. ಗೆರಿ ಹಾಕಲಾರದ ಹ್ಯಾಂಗ ನೆಟ್ಟಗ ಕತ್ತರಿಸ್ಯಾಳ."

"ಹಂಗಾದ್ರ ಈಕೀನ್ನ ಇಲ್ಲೇ ಇಟ್ಕೋರಿ ಅಬ್ಬಾ, ನನಗೂ ಸ್ವಲ್ಪ ಪುರಸೊತ್ತು ಸಿಗ್ತದ."

"ಕೈ ಛಲೋ ಅದ. ಬುದ್ಧಿ ಇನ್ನಾ ಪಳಗಿಲ್ಲ."

'ಮನುಷ್ಯರು' ಅಂಕಣದಲ್ಲಿ ನಾಲ್ಕನೆಯ ಗೆರೆ ನನ್ನದೇ. ಅವರ ಎದುರಿಗೇ ಹಾಕಿದೆ. ಏನು ಬರೆದೆ ಎಂದು ಕೇಳಿದರು, ಹೇಳಿದೆ. ಇನ್ನಷ್ಟು ನಕ್ಕರು.

ಆದರೆ ಕತ್ತರಿಯ ತೀರ್ಪು ಹೇಳಲಿಲ್ಲ. "ಹಿಂಗ ಅಲಗಿಗಿ ಹಲ್ಲು ಬಿದ್ದ ಕತ್ತರೀನ ನಾ ಪರೀಕ್ಷಾ ಮಾಡಂಗಿಲ್ಲ. ಹುಮನಾಬಾದ್ಯಾಗ ಶರಣಪ್ಪ ಅಂತ ಹಾನ, ಸಾಣಿ ಹಿಡ್ಯಾಂವ. ಅಂವನ ಕೈಲೇ ಆಗಬೇಕು. ಬ್ಯಾರೆಯವರು ಹಿಡದ್ರ ಕತ್ತರಿ ಸತ್ತು ಹೋಗ್ತದ. ಹಲ್ಲು ಬೀಳಿಸಿದವರೇ ಹೋಗಬೇಕು, ಮತ್ತ."

ಗೂಟಕ್ಕೆ ಹಾಕುವ ಮಾತು ಮುಂದಕ್ಕೆ ಹೋಯಿತು. ಗಫೂರ್ ಮಾಮುವಿಗೆ ಬರೆದೆ: "ಇನ್ನೂ ಹೇಳಿಲ್ಲ. ನನ್ನಿಂದ ತಡವಾಗಿದೆ. ಬಂದ ಮೇಲೆ ಹೇಳುತ್ತೇನೆ."

ದಿನ 4, ಮಂಗಳವಾರ: ಹುಮನಾಬಾದ್, ಸ್ವಲ್ಪ ಚಿಟಗುಪ್ಪ, ಮತ್ತೆ ಹುಮನಾಬಾದ್

ಶರಣಪ್ಪನವರ ಅಂಗಡಿ ಹುಡುಕುವುದು ಕಷ್ಟವಾಗಲಿಲ್ಲ. ಅವರು ಅಂಗಡಿಯಲ್ಲಿ ಇರಲಿಲ್ಲ, ಅಷ್ಟೇ. ಮಧ್ಯಾಹ್ನ ಬರುತ್ತಾರೆಂದು ಪಕ್ಕದ ಅಂಗಡಿಯವರು ಹೇಳಿದರು. ಸುಮ್ಮನೆ ಕೂರುವ ಬದಲು ಯಾವುದೋ ಬಸ್ಸಿನಲ್ಲಿ ಊರು ಸುತ್ತಿ ಬರೋಣವೆಂದು ಹತ್ತಿದೆ. ಮಸ್ಕತ್‌ನಲ್ಲಿ ಹಾಗೆ ಮಾಡಬಹುದು, ಬಸ್ಸು ಊರೊಳಗೇ ಸುತ್ತಿ ಹತ್ತಿದಲ್ಲಿಗೇ ತಂದು ಬಿಡುತ್ತದೆ. ಇದು ಚಿಟಗುಪ್ಪಕ್ಕೆ ಹೋಯಿತು. ಅಲ್ಲಿ ಇಳಿದು, ಬಿಸಿ ಮಿರ್ಚಿ ತಿಂದು, ಅದೇ ಬಸ್ಸಿನಲ್ಲಿ ಮರಳಿದೆ. ಕಂಡಕ್ಟರ್ ಗುರುತು ಹಿಡಿದು, "ಮುಗೀತಾ ಚಿಟಗುಪ್ಪದ ಕೆಲಸ?" ಎಂದರು. "ಮುಗೀತ್ರಿ" ಎಂದೆ. ಆ 'ರಿ' ತಾನಾಗಿಯೇ ಬಂದಿತ್ತು.

ಟಿಕೆಟುಗಳ ಅಂಚನ್ನು ಈಗ ಮಡಿಚಿ, ಉಗುರಿನಿಂದ ಗೀರಿ, ಕೈಯಿಂದಲೇ ಹರಿಯುತ್ತೇನೆ. ಅಂಚು ಸ್ವಲ್ಪ ತುಪ್ಪಳದ ಹಾಗೆ ಬರುತ್ತದೆ. ಪರವಾಗಿಲ್ಲ.

ಶರಣಪ್ಪನವರಲ್ಲಿ ಎರಡು ಸಾಣೆಗಳಿದ್ದವು. ಕರೆಂಟಿನದು ಚಾಕು, ಕುಡಗೋಲಿಗೆ. ಕಾಲಿನಿಂದ ತುಳಿಯುವ ಕಲ್ಲಿನ ಗಾಲಿ ಕತ್ತರಿಗೆ ಮಾತ್ರ. ಇಮಾಮ್ ಸಾಬರ ಹೆಸರು ಹೇಳಿದ ಕೂಡಲೇ ಅವರು ಕೈ ತೊಳೆದುಕೊಂಡು ಬಂದರು.

"ಪಿನ್ನ ಕತ್ತರಿಸ್ಯಾರಲ್ರಿ! ಯಾರದು ಈ ಶಾಣ್ಯಾತನ?"

"ನನ್ನದೇ."

"ಛಲೋ ಆತು. ತಪ್ಪು ಮಾಡಿದವರೇ ಬಂದ್ರ ನಾ ಬೈಲಾಕ ಹಗೂರ."

ಬೈಯಲಿಲ್ಲ. ಕತ್ತರಿಯನ್ನು ಬಿಸಿಲಿಗೆ ಹಿಡಿದು ಎರಡು ಅಲಗುಗಳ ನಡುವೆ ಬೆಳಕು ಹೇಗೆ ಬರುತ್ತದೆಂದು ನನಗೂ ತೋರಿಸಿದರು. ಮುಚ್ಚುತ್ತ ಬಂದ ಹಾಗೆ ಬೆಳಕಿನ ಒಂದು ಚುಕ್ಕೆ ಬುಡದಿಂದ ತುದಿಗೆ ಓಡುತ್ತದೆ.

"ಇದಕ್ಕ ನಾವು ಕತ್ತರೀ ನಡಿಗಿ ಅಂತೀವ್ರಿ. ಒಬ್ಬೊಬ್ಬರ ಕೈಯಾಗ ಒಂದೊಂದು ನಡಿಗಿ. ಅವಸರದವರದ್ದು ತುದೀಗಿ ಸವದಿರ್ತದ. ಈ ಮನುಷ್ಯಾ ಯಾರದಾನೋ, ಬುಡದಿಂದ ತುದೀತನಕ ಒಂದೇ ಸಮ ನಡದಾನ. ನಾ ಹಲ್ಲಷ್ಟೇ ತೆಗೀತೀನಿ. ನಡಿಗಿ ಮುಟ್ಟಂಗಿಲ್ಲ."

"ಆ ಕರೆಂಟಿನ ಸಾಣೆಯಲ್ಲಿ ಬೇಗ ಆಗುವುದಿಲ್ಲವೇ?"

"ಆಗ್ತದ. ಅದು ಇನ್ನಾ ಪಳಗಿಲ್ರಿ, ಸಿಕ್ಕದ್ದೆಲ್ಲಾ ತಿಂತದ. ಈ ಕಲ್ಲು ನಮ್ಮಪ್ಪನ ಕಾಲದಾಗೇ ಪಳಗ್ಯದ. ಹೇಳಿದಷ್ಟೇ ತಿಂತದ."

ಒಂದು ತಾಸು ಹಿಡಿಯಿತು. ಅವರು ಹನಿ ಹನಿ ನೀರು ಬಿಡುತ್ತ ಕಲ್ಲಿಗೆ ಅಲಗನ್ನು ತಾಗಿಸಿ ತೆಗೆದು, ಮತ್ತೆ ಬಿಸಿಲಿಗೆ ಹಿಡಿಯುತ್ತಿದ್ದರು. ಹಾಗೆ ನಲವತ್ತೊಂದು ಸಲ ನೋಡಿದರು. ಎಣಿಸುತ್ತಿದ್ದೇನೆಂದು ಗೊತ್ತಾದ ಮೇಲೆ ಅವರೂ ಜೊತೆಗೆ ಎಣಿಸತೊಡಗಿದರು. ನಲವತ್ತಕ್ಕೆ ನಿಲ್ಲಿಸಿದವರು, "ಸಮ ಸಂಖ್ಯಾ ಬ್ಯಾಡ" ಎಂದು ಇನ್ನೊಮ್ಮೆ ನೋಡಿ ಕೊಟ್ಟರು.

ದಿನ 5, ಬುಧವಾರ: ಬಸವಕಲ್ಯಾಣ

ಮೌಶಿಯೂ ಶಾಲೆಗೆ ಅರ್ಧ ದಿನ ರಜೆ ಹಾಕಿ ಬಂದರು. "ಬ್ಲೌಸಿನ ಅಳತಿ ಕೊಡೂದಿತ್ತು" ಎಂದರು. ಕೈಯಲ್ಲಿ ಬಟ್ಟೆ ಇರಲಿಲ್ಲ.

ಮತ್ತೆ ಚಹಾ, ಮತ್ತೆ ಮಲಮಲ್. ಕತ್ತರಿ ಈ ಸಲ ಬುಡದಿಂದ ತುದಿಯವರೆಗೆ ಒಂದೇ ಉಸಿರಿನಲ್ಲಿ ಹೋಯಿತು. ಬಟ್ಟೆಯ ಎರಡು ತುಂಡು ನಸ್ರೀನರ ಎರಡು ಕೈಯಲ್ಲಿ ಉಳಿದವು. ಉಸ್ತಾದರು ಕತ್ತರಿಯನ್ನು ತಮ್ಮ ಕೈಗೆ ಸರಿಯಾಗಿ ಹಾಕಿಕೊಳ್ಳಲು ನೋಡಿದರು. ಹೆಬ್ಬೆರಳು ಬಳೆಯೊಳಗೆ ಹೋಗಲಿಲ್ಲ. ಸುತ್ತಿದ ಪಟ್ಟಿಯಿಂದ ಬಳೆ ಕಿರಿದಾಗಿತ್ತು.

"ಅಂವನ ಬಟ್ಟು ಸಣ್ಣು" ಎಂದರು. "ನನ್ನ ಕತ್ತರಿ ಅಂವಗ ದೊಡ್ಡದಾಗ್ತಿತ್ತು. ಹೊಂಟ ದಿನಾನೂ ಆಗಿತ್ತು."

ಪಟ್ಟಿಯನ್ನು ಬಿಚ್ಚತೊಡಗಿದರು. ಮೇಲೆ ಬಿಳಿ, ದಿಶ್‌ದಾಶಾದ ಬಟ್ಟೆ. ಅದರ ಕೆಳಗೆ ಕಂದು ಬಣ್ಣದ್ದು. ಅದರ ಕೆಳಗೆ ಮತ್ತೆ ಬಿಳಿ. ನಾನು ಬೆರಳು ಮಡಚುತ್ತ ಹೋದೆ. ಹಳೆಯದು ಹರಿದಾಗ ತೆಗೆಯದೆ ಅದರ ಮೇಲೆಯೇ ಹೊಸದನ್ನು ಸುತ್ತುತ್ತ ಬಂದಿದ್ದಾರೆ ಮಾಮು. ಎಂಟು ಪಟ್ಟಿ ಹಲಗೆಯ ಮೇಲೆ ಸುರುಳಿಯಾಗಿ ಬಿದ್ದವು. ಒಂಬತ್ತನೆಯದು ಹಿತ್ತಾಳೆಗೆ ಅಂಟಿಕೊಂಡಿತ್ತು. ಹಸಿರು, ಎಣ್ಣೆ ಕುಡಿದು ಕಪ್ಪಾದ ಹಸಿರು. ಅದನ್ನು ಮುಟ್ಟಿದ ಕೂಡಲೇ ಉಸ್ತಾದರ ಕೈ ನಿಂತಿತು.

"ನಸ್ರೀನ್, ಇದು ಯಾವ ಬಣ್ಣ?"

"ಹಸರು, ಅಬ್ಬಾ."

"ನಿನ್ನ ಅಮ್ಮೀದು ದುಪಟ್ಟಾ ಇತ್ತು. ಹರದಾಗ ನಾ ಸುತ್ತಿದ್ದು."

ನಸ್ರೀನ್ ಯಂತ್ರದ ಮೇಲಿನ ಬಟ್ಟೆಯನ್ನು ಸರಿಮಾಡಿದರು. ಅದು ಸರಿಯಾಗಿಯೇ ಇತ್ತು. ಮೌಶಿ ಓಣಿಯ ಕಡೆ ನೋಡುತ್ತ ನಿಂತರು.

ಉಸ್ತಾದರು ಒಂಬತ್ತನೆಯದನ್ನು ಬಿಚ್ಚಲಿಲ್ಲ. ಅದರ ಮೇಲೆ ಒಂದೊಂದಾಗಿ ಎಂಟನ್ನೂ, ಮೊದಲಿದ್ದ ಕ್ರಮದಲ್ಲಿಯೇ ತಿರುಗಿ ಸುತ್ತಿದರು. ಎಲ್ಲಿಯಾದರೂ ಕ್ರಮ ತಪ್ಪೀತೆಂದು ನಾನು ನೋಡುತ್ತಿದ್ದೆ, ತಪ್ಪಲಿಲ್ಲ. ಕೊನೆಗೆ ನಸ್ರೀನರ ಬುಟ್ಟಿಯಿಂದ ಒಂದು ನೀಲಿ ಪಟ್ಟಿ ತೆಗೆದು ಎಲ್ಲದರ ಮೇಲೆ ಬಿಗಿದು ಸೂಜಿ ಹಾಕಿದರು. ಸೂಜಿಗೆ ದಾರ ಪೋಣಿಸಿದ್ದು ಮೌಶಿ.

ಆಮೇಲೆ ಕತ್ತರಿಯನ್ನು ನನ್ನ ಕೈಗೆ ಕೊಟ್ಟರು.

ಗೂಟಕ್ಕೆ ಹಾಕಲಿಲ್ಲ, ನನ್ನ ಕೈಗೆ ಕೊಟ್ಟರು. ಅದರ ಅರ್ಥ ನನಗೆ ಗೊತ್ತಿತ್ತು. ಆದರೂ ಒಂದಕ್ಷರ ಬಿಡಬಾರದೆಂದು ಹೇಳಿಸಿಕೊಂಡು ಬಂದವಳು. ಪೆನ್ಸಿಲ್ ತೆಗೆದು ಕೇಳಿದೆ: "ಮಾಮುವಿಗೆ ಏನಂತ ಬರೆಯಲಿ?"

"ಪಳಗ್ಯದ ಅಂತ ಬರಿ."

"ಕತ್ತರಿಯಾ, ಮಾಮುನಾ?"

ನಸ್ರೀನ್ ಫಕ್ಕನೆ ನಕ್ಕರು. ಉಸ್ತಾದರು ನಗಲಿಲ್ಲ. ಕನ್ನಡಕ ತೆಗೆದು ಒರೆಸಿದರು.

"ಕತ್ತರಿ ತಾನಽ ಪಳಗ್ತದೇನು, ಬೇಟಿ? ಇಪ್ಪತ್ತೆರಡು ವರ್ಷ ಅಂವ ಇದರಾಗ ಬಟ್ಟು ಇಟ್ಟಾನ. ಇದು ಅಂವನ್ನ ತಿದ್ದ್ಯದ, ಅಂವ ಇದನ್ನ ತಿದ್ದ್ಯಾನ. ಈಗ ನನ್ನ ಕೈಗಿ ಇದು ಬರಂಗಿಲ್ಲ. ನಂದಲ್ಲ ಇದು, ಅಂವಂದು. ಹಂಗಂತ ಬರಿ." ಜೊತೆಗೆ ಸೇರಿಸಿದರು: "ಮತ್ತ ಇದನ್ನೂ ಬರಿ. ಮುಂದಿನ ಸಲ ಓಣಿ ಸುತ್ತ ಹಾಕಿ ಹೋದ್ರ, ಕಾಲ ಮುರೀತೀನಿ ಅಂತ."

"ಅವರು ಸುತ್ತು ಹಾಕಿ ಹೋಗುವುದು ನಿಮಗೆ ಗೊತ್ತಿತ್ತಾ?"

"ಹಿಂದಿನ ಓಣ್ಯಾಗ ಹೋಗ್ತಾನ. ಅಲ್ಲಿ ನಮ್ಮ ಅಡಿಗಿಮನಿ ಕಿಡಕಿ ಅದ" ಎಂದರು ನಸ್ರೀನ್. "ಪ್ರತಿ ಸಲಾ ನೋಡ್ತೀವಿ. ಒಮ್ಮಿ ಕೊಡೀ ಹಿಡಕೊಂಡು ಮುಖಾ ಮುಚ್ಚಿಕೊಂಡು ಹೊಂಟಿದ್ದ, ಬಿಸಲಾಗ!"

ಬರೆದುಕೊಂಡೆ. ಅದು ಪುಟ 71. ಆದರೆ ಕೊನೆಯ ಹಾಳೆಯ ಲೆಕ್ಕದಲ್ಲಿ ತೊಡಕಾಯಿತು. ಉಸ್ತಾದರ ಮಾತನ್ನು ಯಾವ ಅಂಕಣಕ್ಕೆ ಹಾಕುವುದು? ಬಹಳ ಹೊತ್ತು ನೋಡಿ, ನಡುವಿನ ಗೆರೆಯ ಮೇಲೆಯೇ ಅಡ್ಡಲಾಗಿ ಒಂದು ಗುರುತು ಹಾಕಿದೆ. ಗೋದಾಮಿನಲ್ಲಿ ಹೀಗೆ ಮಾಡಿದ್ದರೆ ನನ್ನ ಮೇಲಿನವರು ಒಪ್ಪುತ್ತಿರಲಿಲ್ಲ.

ಮರಳಿ: ಮಸ್ಕತ್

ಶುಕ್ರವಾರ ಮಧ್ಯಾಹ್ನದ ನಮಾಜು ಮುಗಿಸಿ ಗಫೂರ್ ಮಾಮು ಅಂಗಡಿಯಲ್ಲಿ ಒಬ್ಬರೇ ಇದ್ದರು. ಕತ್ತರಿಯನ್ನು ಮೇಜಿನ ಮೇಲಿಟ್ಟೆ. ವಾಪಸ್ ಬಂದಿದೆ ಎಂಬುದು ಕಣ್ಣಿಗೆ ಕಂಡರೂ ಅವರು ಮುಟ್ಟಲಿಲ್ಲ. "ಓದು" ಎಂದರು.

ಮೊದಲು 55ನೇ ಪುಟ ಓದಿದೆ, ನನ್ನ ತಪ್ಪು. ಅವರು ಎರಡೂ ಕೈಯಿಂದ ತಲೆ ಹಿಡಿದುಕೊಂಡರು. ಆಮೇಲೆ ಶರಣಪ್ಪನವರದು. ಆಮೇಲೆ ಪುಟ 71. ಓದಿ ಮುಗಿಸಿದಾಗ, "ಇನ್ನೊಮ್ಮಿ" ಎಂದರು. ಇನ್ನೊಮ್ಮೆ ಓದಿದೆ. ಕೊಡೆಯ ಮಾತು ಬಂದಾಗ ಅವರ ಕಿವಿ ಕೆಂಪಾಯಿತು.

"ಕಿಡಕಿ ಇತ್ತಾ ಅಲ್ಲಿ? ಯಾ ಅಲ್ಲಾ!"

ನೀಲಿ ಪಟ್ಟಿಯ ಮೇಲೆ ಹೆಬ್ಬೆರಳು ಇಟ್ಟು ನೋಡಿದರು. ಸೂಜಿಯ ಹೊಲಿಗೆ ಎಲ್ಲಿ ಮುಗಿದಿದೆ ಎಂದು ಹುಡುಕಿ, ಅಲ್ಲಿಯೇ ಬೆರಳು ಬಿಟ್ಟರು.

"ಬೇಟಿ, ಆ ಹಾಳಿ ನನಗ ಕೊಡ್ತೀ?"

ಹದಿನಾಲ್ಕು ಪುಸ್ತಕಗಳಲ್ಲಿ ಒಂದು ಹಾಳೆಯನ್ನೂ ನಾನು ಹರಿದವಳಲ್ಲ. ಆಗಲಿ ಎಂದೆ. ಪುಸ್ತಕ ಅವರ ಕಡೆ ತಿರುಗಿಸಿದೆ. ಮೇಜಿನ ಮೇಲೆ ಕತ್ತರಿ ಇತ್ತು, ಹೊಸದಾಗಿ ಸಾಣೆ ಹಿಡಿದದ್ದು. ಇಬ್ಬರೂ ಅದನ್ನು ನೋಡಿದೆವು. ಇಬ್ಬರಿಗೂ ನಗು ಬಂತು.

ಮಾಮು ಅಳತೆಪಟ್ಟಿಯನ್ನು ಹಾಳೆಯ ಬುಡಕ್ಕೆ ಇಟ್ಟು, ಮಡಿಚಿ, ಉಗುರಿನಿಂದ ಎರಡು ಸಲ ಗೀರಿ, ಮೆಲ್ಲಗೆ ಹರಿದುಕೊಂಡರು. ಅಂಚು ನನ್ನದಕ್ಕಿಂತ ನೆಟ್ಟಗೆ ಬಂತು.

ಮೇಲೆ ಮನೆಗೆ ಬಂದು ಪುಸ್ತಕದ ಪರಿವಿಡಿಯಲ್ಲಿ ಬರೆದಿಟ್ಟೆ: ಪುಟ 71, ಮತ್ತು ಅದರ ಬೆನ್ನಿನ 72, ಕೆಳಗಿನ ಅಂಗಡಿಯಲ್ಲಿ, ಗಫೂರ್ ಮಾಮುವಿನ ಮೇಜಿನ ಗಾಜಿನ ಅಡಿಯಲ್ಲಿ.